ಅಡುಗೆಮನೆಯ ಆರು ಮಾತು

"ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ ಹೊಡೀರಿ... ಇನ್ನೂ ಬರ್ಲಿ... ಹೋಲ್ಡಾನ್!"

ಮಂಚ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದಿನ ಕಾಲು ಹಿಡಿದಿದ್ದ ಮಗ, ಹಿಂದಿನ ಕಾಲು ಹಿಡಿದಿದ್ದ ಎದುರುಮನೆಯವರು, ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.

"ಒಂಚೂರು ರಿವರ್ಸ್ ತಗೊಳ್ಳಿ," ಎಂದರು ಕಂಡಕ್ಟರು. ಹಾಗೆಂದ ಮೇಲೆ ತಾವು ಎಲ್ಲಿ ನಿಂತಿದ್ದೇವೆ, ಯಾಕೆ ಬಂದಿದ್ದೇವೆ ಎಂಬುದು ನೆನಪಾಗಿ, ಮೇಲೆತ್ತಿದ್ದ ಕೈ ತಾನಾಗಿಯೇ ಕೆಳಗಿಳಿಯಿತು. ಇಪ್ಪತ್ತೆರಡು ವರ್ಷ ಅವರು ಹಿಂದಿನ ಬಾಗಿಲಲ್ಲಿ ಜೋತುಬಿದ್ದು ಹೀಗೆ ಕೂಗಿದ್ದರು. ಮುಂದೆ ಕೂತು ಅದಕ್ಕೆ ಸರಿಯಾಗಿ ಚಕ್ರ ತಿರುಗಿಸಿದ್ದವರು ಡ್ರೈವರು. ಇವತ್ತು ಡ್ರೈವರ ದೇಹ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ನಡುಮನೆ ಖಾಲಿಯಾಗಬೇಕಿತ್ತು.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಡ್ರೈವರಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಜೀವಮಾನದಲ್ಲಿ ಒಂದು ದಿನ ಸ್ಟಿಯರಿಂಗ್ ಮುಟ್ಟಿದವಳಲ್ಲ, ಆದರೂ ಬೀದಿಗೆಲ್ಲ ಅವಳು ಡ್ರೈವರಮ್ಮನೇ. ಬಲಗೈ ಮಡಿಲಲ್ಲಿ ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿತ್ತು. ಬಂದವರೆಲ್ಲ ಅವಳ ಕಿವಿಗೆ ಬಗ್ಗಿ ಕೂಗಿ ಕೂಗಿ ಸಮಾಧಾನ ಹೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಹೋಗಿದ್ದು ಮಾತೇ ಹೊರತು ಕಿವಿಯಲ್ಲ. ಈ ವ್ಯತ್ಯಾಸ ಇಷ್ಟು ದಿನವಾದರೂ ಯಾರ ತಲೆಗೂ ಹತ್ತಿರಲಿಲ್ಲ.

"ಡ್ರೈವರಮ್ಮಾ! ಧೈರ್ಯ ತಂದ್ಕೋಬೇಕು!" ಎಂದು ಪಕ್ಕದ ಮನೆಯ ಟೈಲರಮ್ಮ ಮೂರು ಬೀದಿ ಆಚೆಗೆ ಕೇಳುವ ಹಾಗೆ ಹೇಳಿ, ಕೊರಳಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯಿಂದಲೇ ಮೂಗೊರೆಸಿಕೊಂಡಳು. ಅಳುವ ಗಡಿಬಿಡಿಯಲ್ಲಿ ಅದನ್ನು ತೆಗೆದಿಡುವುದನ್ನೂ ಮರೆತು ಓಡಿಬಂದಿದ್ದಳು.

ಅಂಗಳದಲ್ಲಿ ಕಂಡಕ್ಟರು ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತಿದ್ದರು. "ನಿನ್ನೆ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರೋಕೆ ಅಂತ ಹೋಗಿದಾರೆ. ವಾಪಸ್ ಬರ್ತಾ ಸ್ಟಾಪಲ್ಲಿ ಬೆಂಚಿನ ಮೇಲೆ ಕೂತಿದಾರೆ. ಬಸ್ ಬಂತು. ಓಡಿಸ್ತಿದ್ದವನು ಇವರ ಹತ್ರಾನೇ ಕಲಿತವನು. ಹಾರ್ನ್ ಹೊಡ್ದ, 'ಹತ್ತಿ ಗುರುಗಳೇ, ಮನೆ ಮುಂದೆ ಇಳಿಸ್ತೀನಿ' ಅಂದ. ಏಳಲಿಲ್ಲ. ಇಳಿದು ಬಂದು ಭುಜ ಮುಟ್ಟಿದಾನೆ..." ಅಲ್ಲಿಗೆ ಬಂದಾಗೆಲ್ಲ ಅವರು ಆ ಮಾತು ಬಿಟ್ಟು ಬಸ್ಸಿನ ಜನರ ಕಡೆಗೆ ದಾಟುತ್ತಿದ್ದರು. "ಇಡೀ ಬಸ್ಸಿನ ಜನ ಇಳಿದು ಸುತ್ತ ನಿಂತ್ರಂತೆ ಸ್ವಾಮಿ. ಒಬ್ರೂ ಲೇಟಾಯ್ತು ಅನ್ನಲಿಲ್ಲವಂತೆ."

ಮಗ ಎರಡು ಅಂಗಿ ಹಿಡಿದು ಬಂದ. ಕನ್ನಡಕದ ಅಂಗಡಿ ಇಟ್ಟವನು. ಯಾವುದನ್ನೇ ಆಗಲಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ತೋರಿಸುವುದು ಅವನ ಅಭ್ಯಾಸ.

"ಅಮ್ಮಾ! ಅಪ್ಪನಿಗೆ ಯಾವುದು ಹಾಕೋಣ? ಇದಾ?"

ಬಿಳಿಯದು. ಹೊಸದು. ಕಾಲರಿನ ಗುಂಡುಪಿನ್ನು ಕೂಡ ತೆಗೆದಿರಲಿಲ್ಲ.

"ಅದಲ್ಲ," ಎಂದಳು ಡ್ರೈವರಮ್ಮ.

"ಹಾಗಾದ್ರೆ ಇದು?"

"ಅದಲ್ಲ." ಎಡಗೈಯೆತ್ತಿ ಅಡುಗೆಮನೆಯ ಕಡೆ ತೋರಿಸಿದಳು. ಅಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ ನೀಲಿ ಚೌಕಳಿಯ ಹಳೆಯ ಅಂಗಿಯೊಂದು ನೇತಾಡುತ್ತಿತ್ತು. ಜೇಬಿನ ಮೇಲೆ ಅರಿಶಿನದ ಕಲೆ, ತೋಳಿನಲ್ಲಿ ಒಗ್ಗರಣೆ ಸಿಡಿದ ಸಣ್ಣ ತೂತು. ಅದೇ ಬೇಕೆಂದು ಅವಳು ಕಣ್ಣಿನಿಂದ, ಬೆರಳಿನಿಂದ, ಕುತ್ತಿಗೆಯ ನರದಿಂದ ಕೂಡ ಹೇಳಿದಳು. ಮಗ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟ.

"ಅದಲ್ಲ!"

"ಪಾಪ, ಅದೊಂದೇ ಮಾತು ಬರೋದು," ಎಂದು ಅವನು ಕಂಡಕ್ಟರಿಗೆ ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದೂ ಅವಳಿಗೆ ಕೇಳಿಸಿತು. ಬಿಳಿ ಅಂಗಿ ಆಸ್ಪತ್ರೆಗೆ ಹೋಯಿತು.

*

ಹಿಂದೆ ಆ ಮನೆಯಲ್ಲಿ ಮಾತೆಲ್ಲ ಅವಳದೇ. ಬಸ್ಸಿನಲ್ಲಿ ಡ್ರೈವರ ತಲೆಯ ಮೇಲೆ "ಚಾಲಕರೊಂದಿಗೆ ಮಾತನಾಡಬೇಡಿ" ಎಂದು ಒಂದು ಬೋರ್ಡಿತ್ತು. "ಆ ಬೋರ್ಡನ್ನ ಮನೆಗೂ ಹೊತ್ಕೊಂಡು ಬರ್ತಾರೆ ನಮ್ಮನೆಯವರು," ಎಂದು ಅವಳು ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವರು ಊಟಕ್ಕೆ ಕೂತು, ತಿಂದು, ತಟ್ಟೆ ಎತ್ತಿಟ್ಟು ಏಳುವುದರೊಳಗೆ ಅವಳು ಇಡೀ ಬೀದಿಯ ಸುದ್ದಿ ಮುಗಿಸಿರುತ್ತಿದ್ದಳು.

ಅವರು ನಿವೃತ್ತರಾದ ಮರುತಿಂಗಳೇ ಅವಳು ಬಟ್ಟೆ ಒಣಹಾಕುತ್ತಾ ಕುಸಿದಳು. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟಾಗ ತಲೆಯೊಳಗೆ ಮಾತುಗಳೆಲ್ಲ ಇದ್ದಲ್ಲೇ ಇದ್ದವು. ನಾಲಿಗೆಗೆ ಬರುವ ದಾರಿಯಲ್ಲಿ ಮಾತ್ರ ಎಲ್ಲೋ ಸೇತುವೆ ಮುರಿದಿತ್ತು. ಎಲ್ಲದಕ್ಕೂ "ಅದಲ್ಲ" ಎಂಬುದೊಂದೇ ಹೊರಗೆ ಬರುತ್ತಿತ್ತು. ನೀರು ಬೇಕಾದರೂ ಅದಲ್ಲ, ನೋವಾದರೂ ಅದಲ್ಲ, ಮೊಮ್ಮಗಳು ಮುದ್ದಾಗಿದ್ದಾಳೆ ಎನ್ನಬೇಕಾದರೂ ಅದಲ್ಲ.

"ಎಣ್ಣೆ ದಿನಕ್ಕೆ ಒಂದು ಚಮಚ. ಉಪ್ಪು ಚಿಟಿಕೆ. ಕಾಳು, ಸೊಪ್ಪು ದಿನಾ ಇರಲಿ," ಎಂದರು ಡಾಕ್ಟರು. ಡ್ರೈವರು ಅದನ್ನು ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆದುಕೊಂಡರು.

"ಯಾರನ್ನಾದ್ರೂ ಅಡುಗೆಗೆ ಇಟ್ಕೋ ಅಪ್ಪ," ಎಂದಳು ಮಗಳು.

"ನಾನೇ ಮಾಡ್ತೀನಿ," ಎಂದರು ಅವರು. ಕಾಫಿ ಸೋಸಲು ಕೂಡ ಬಾರದ ಮನುಷ್ಯ.

ಮೊದಲ ದಿನ ಅವಳನ್ನು ಕುರ್ಚಿ ಸಮೇತ ಅಡುಗೆಮನೆಗೆ ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದರು. ಹಿಂದಿನ ಸಂಜೆ ನೆನೆಹಾಕಿದ್ದ ಅಲಸಂದೆ ಕಾಳನ್ನು ಕುಕ್ಕರಿಗೆ ಸುರಿದು, ನೀರು ಹಾಕಿ, ಮುಚ್ಚಳ ತಿರುವಿ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತರು. ಕುಕ್ಕರು ಒಂದು ಸೀಟಿ ಹಾಕಿತು. ತಕ್ಷಣ ಒಲೆ ಆರಿಸಿಬಿಟ್ಟರು.

"ಅದಲ್ಲ!"

"ಯಾಕೇ? ಸೀಟಿ ಬಂತಲ್ಲ?"

ಕಂಡಕ್ಟರ ಒಂದು ಸೀಟಿಗೆ ನಿಲ್ಲಿಸಿ ಎರಡು ಸೀಟಿಗೆ ಹೊರಡುವುದು ಮೂವತ್ತೈದು ವರ್ಷದ ಅಭ್ಯಾಸ. ಆವತ್ತಿನ ಸಾರಿನಲ್ಲಿ ಕಾಳು ಚಕ್ರದಡಿ ಸಿಕ್ಕ ಜಲ್ಲಿಯ ಹಾಗೆ ಕಟಕಟ ಎನ್ನುತ್ತಿತ್ತು. ಇಬ್ಬರೂ ಒಂದೊಂದೇ ಕಾಳು ಅಗಿದು ನುಂಗಿದರು. ನಾಲ್ಕನೆಯ ತುತ್ತಿಗೆ ಅವಳಿಗೆ ನಗು ಬಂತು. ಅರ್ಧ ಮುಖ ಮಾತ್ರ ನಗುತ್ತಿತ್ತು, ಉಳಿದರ್ಧ ಸುಮ್ಮನಿತ್ತು. ಡ್ರೈವರು ಆ ನಗುವ ಅರ್ಧವನ್ನೇ ನೋಡುತ್ತಾ ಕೂತರು.

"ನಾಳೆ ಎಷ್ಟು ಸೀಟಿ, ಬೆರಳಲ್ಲಿ ತೋರ್ಸು," ಎಂದರು.

*

ಹನ್ನೆರಡಕ್ಕೆಲ್ಲ ಮುಗಿದಿತ್ತು. ಬಿಳಿ ಅಂಗಿಯಲ್ಲಿ ಅವರು ಗುರುತಿಲ್ಲದವರ ಮದುವೆಗೆ ಹೊರಟವರಂತೆ ಕಾಣುತ್ತಿದ್ದರು. ಮಣ್ಣು ಮಾಡುವಲ್ಲಿ ಡಿಪೋದ ಹದಿನೈದು ಇಪ್ಪತ್ತು ಜನ ಡ್ಯೂಟಿಯ ಬಟ್ಟೆಯಲ್ಲೇ ಬಂದು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಡ್ರೈವರಮ್ಮನ ಮುಂದೆ ತಲೆ ಬಗ್ಗಿಸಿ ಹೋದರು. ಒಬ್ಬ ಮಾತ್ರ ನಿಂತು, "ಅಮ್ಮ, ನೀವು ಕಲಿಸಿದ ಕಾಳಿನ ಸಾರು ಗುರುಗಳು ರಿಟೈರ್ ಆದ್ಮೇಲೂ ಡಿಪೋಗೆ ಬಂದಾಗೆಲ್ಲ ನಮ್ಗೂ ಡಬ್ಬೀಲಿ ತರ್ತಿದ್ರು. ಎಣ್ಣೆ ಇಲ್ದೆ ಇಷ್ಟು ರುಚಿ ಹೇಗೆ ಅಂದ್ರೆ, 'ನಮ್ಮನೆಯವಳು ಹೇಳ್ಕೊಡ್ತಾಳೆ' ಅನ್ನೋರು," ಎಂದ.

ಪಕ್ಕದಲ್ಲಿದ್ದ ಮಗಳು ಅವನನ್ನು ವಿಚಿತ್ರವಾಗಿ ನೋಡಿದಳು. ಹೇಳಿಕೊಡುತ್ತಾಳೆಯೇ? ಅಮ್ಮನೇ?

ಮನೆಗೆ ಬಂದಾಗ ಟೈಲರಮ್ಮ ದೊಡ್ಡ ಪಾತ್ರೆಯಲ್ಲಿ ಪಲ್ಯ, ಅನ್ನ ತಂದಿಟ್ಟಿದ್ದಳು. ಪಲ್ಯದ ಮೇಲೆ ಎಣ್ಣೆ ಬೆರಳುದ್ದ ನಿಂತು ಹೊಳೆಯುತ್ತಿತ್ತು. ಅವಳ ಪ್ರೀತಿಯೆಲ್ಲ ಯಾವಾಗಲೂ ಎಣ್ಣೆಯಲ್ಲೇ. ಡ್ರೈವರಮ್ಮ ತಟ್ಟೆಯನ್ನು ಮೆಲ್ಲಗೆ ಸರಿಸಿದಳು.

"ಒಂದು ತುತ್ತಾದ್ರೂ ತಿನ್ನಮ್ಮ, ಮಾತ್ರೆ ತಗೋಬೇಕು," ಎಂದಳು ಮಗಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನಿನ್ನೆಯಿಂದ ಅತ್ತು ಅತ್ತು ದನಿ ಒಡೆದಿತ್ತು.

ಮಗ ಅಕ್ಕನ ಕಡೆ ತಿರುಗಿ, "ಅಕ್ಕ, ನಾನು ವಿಚಾರಿಸಿದೀನಿ," ಎಂದ. "ವಯಸ್ಸಾದವರಿಗೆ ಅಂತಾನೇ ಒಂದು ಒಳ್ಳೆ ಜಾಗ ಇದೆ. ನರ್ಸ್ ಇರ್ತಾರೆ, ಡಾಕ್ಟರ್ ಬಂದು ನೋಡ್ತಾರೆ, ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರೆ."

"ಅಪ್ಪನ್ನ ಬಿಟ್ಟು ಬಂದು ಇನ್ನೂ ಕಾಲು ತೊಳ್ದಿಲ್ಲ ಕಣೋ."

"ನನಗೇನು ಖುಷೀನಾ? ನಿನ್ನ ಮನೆ ಮೂರನೇ ಮಹಡಿ. ನಮ್ಮನೇಲಿ ಹಗಲೆಲ್ಲ ಬೀಗ. ಇಲ್ಲಿ ಒಬ್ಬಳೇ ಹೇಗಿರ್ತಾಳೆ? ಬಿದ್ರೆ ಯಾರನ್ನ ಕೂಗ್ತಾಳೆ? 'ಅದಲ್ಲ, ಅದಲ್ಲ' ಅಂತ ಕೂಗಿದ್ರೆ ಯಾರು ಬರ್ತಾರೆ ಹೇಳು?" ಹೇಳುತ್ತಾ ಹೇಳುತ್ತಾ ಕನ್ನಡಕ ತೆಗೆದು ಒರೆಸತೊಡಗಿದ. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ಅಮ್ಮನ್ನ ಒಂದು ಮಾತು ಕೇಳ್ಬೇಡ್ವಾ?"

"ಕೇಳಿದ್ರೆ ಏನಂತಾಳೆ, ನಿಂಗೂ ಗೊತ್ತು."

ತನ್ನ ಮೊಣಕಾಲಿನಿಂದ ಎರಡು ಮೊಳ ದೂರದಲ್ಲಿ ತನ್ನ ಉಳಿದ ಬದುಕನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಸುತ್ತಿದ್ದ ಮಕ್ಕಳನ್ನು ಡ್ರೈವರಮ್ಮ ನೋಡಿದಳು. ಇಬ್ಬರೂ ಒಳ್ಳೆಯವರೇ. ಇಬ್ಬರೂ ಹೇಳುತ್ತಿದ್ದುದು ನಿಜವೇ. ತಲೆಯೊಳಗೆ ಉತ್ತರ ಸಿದ್ಧವಾಗಿತ್ತು, ಉದ್ದವಾಗಿ, ಚೆನ್ನಾಗಿ, ಹಿಂದಿನ ಕಾಲದ ಅವಳದೇ ಧಾಟಿಯಲ್ಲಿ. ಅದನ್ನು ಕೇಳಿಸಿಕೊಳ್ಳಬಲ್ಲ ಒಬ್ಬನೇ ಮನುಷ್ಯನನ್ನು ಈಗಷ್ಟೇ ಮಣ್ಣಿನಲ್ಲಿ ಬಿಟ್ಟು ಬಂದಿದ್ದರು.

ಕೋಲೂರಿ ಎದ್ದಳು. ಬಲಗಾಲು ಎಳೆದುಕೊಂಡು ಅಡುಗೆಮನೆಗೆ ನಡೆದಳು.

*

ಎರಡನೆಯ ಮಾತು ಬಂದಿದ್ದು ಏಳನೆಯ ವಾರ.

ಡ್ರೈವರು ಈರುಳ್ಳಿ ಹುರಿಯುತ್ತಿದ್ದರು. ಒಂದೇ ಕೈಯಲ್ಲಿ ಅವಳೂ ಹೆಚ್ಚಲಿ ಎಂದು, ಡಿಪೋದ ಮೆಕ್ಯಾನಿಕ್ಕಿಗೆ ಹೇಳಿ ಮಣೆಗೆ ಕೆಳಗಿನಿಂದ ಎರಡು ಮೊಳೆ ಹೊಡೆಸಿ ತಂದಿದ್ದರು. ಮೊಳೆಗೆ ಈರುಳ್ಳಿ ಸಿಕ್ಕಿಸಿದರೆ ಎಡಗೈಯಲ್ಲೇ ಚಾಕು ಆಡಿಸಬಹುದಿತ್ತು. ಅವಳು ಹೆಚ್ಚಿದ್ದು ಹೇಗೆ ಹೇಗೋ ಇತ್ತು. ಬಾಣಲೆಯ ತಳ ಹಿಡಿಯುತ್ತಿದ್ದಂತೆ ಅವರು ಎಣ್ಣೆಯ ಬಾಟಲಿ ಎತ್ತಿ ಬಗ್ಗಿಸಿದರು. ಬಗ್ಗಿಸಿದವರು ನಿಲ್ಲಿಸಲೇ ಇಲ್ಲ.

"ಸಾಕು!"

ಬಾಟಲಿ ಕೈತಪ್ಪಿ ಬಿತ್ತು. ಡ್ರೈವರು ಹಿಂತಿರುಗಿ ನೋಡಿದರು. ಅವಳಿಗೂ ನಂಬಿಕೆಯಾಗಲಿಲ್ಲ, ಹೇಳಿದವರು ಯಾರೆಂದು ಬಾಗಿಲ ಕಡೆ ನೋಡಿದಳು.

"ಏನಂದೆ? ಲೇ, ಇನ್ನೊಂದ್ಸಲ ಹೇಳೇ!"

"ಸಾಕು. ಸಾಕು, ಸಾಕು."

ನೆಲದ ತುಂಬ ಹರಿದ ಎಣ್ಣೆಯಲ್ಲಿ ಅವರು ಕಾಲುಜಾರಿ ಕೂತೇಬಿಟ್ಟರು. ಕೂತಲ್ಲಿಂದ ಏಳದೆ ನಕ್ಕರು.

ಮಾತಿನ ವ್ಯಾಯಾಮ ಹೇಳಿಕೊಡುವಾಕೆ ವಾರವಾರವೂ ಚಿತ್ರ ತೋರಿಸಿ ಆನೆ, ಕುದುರೆ, ಕೊಡೆ ಎಂದು ಹೇಳಿಸಲು ನೋಡಿ ಸೋತಿದ್ದಳು. ಮಾತುಗಳು ಬಂದಿದ್ದು ಮಾತ್ರ ಒಲೆಯ ಮುಂದೆಯೇ. ಈರುಳ್ಳಿ ತಳಹಿಡಿದಾಗ ಎಣ್ಣೆಗೆ ಬದಲು ಚಿಮುಕಿಸಲು "ನೀರು." ಮಸಾಲೆ ಸೀಯುವ ಮೊದಲು "ಉರಿ." ಟೊಮೇಟೊ ಕರಗಿ ಒಂದಾದಾಗ "ಬೆಂತು." ಗಟ್ಟಿಯಾಗಲೆಂದು ಬೆಂದ ಕಾಳನ್ನು ಸೌಟಿನ ಹಿಂಬದಿಯಿಂದ ಮಸೆಯುವಾಗ ಅವರು ಬೇಗ ಕೈಬಿಟ್ಟರೆ "ಇನ್ನೂ." ಅದಲ್ಲ, ಸಾಕು, ನೀರು, ಉರಿ, ಬೆಂತು, ಇನ್ನೂ. ಆರು. ಏಳನೆಯದು ಬರಲಿಲ್ಲ.

ಆರೇ ಸಾಕಾದವು. ಟೀವಿಯಲ್ಲಿ ಯಾರಾದರೂ ಗಂಟೆಗಟ್ಟಲೆ ಭಾಷಣ ಹೊಡೆದರೆ ಅವಳು "ನೀರು" ಎನ್ನುವಳು. ಸತ್ವವಿಲ್ಲ ಎಂದರ್ಥ. ಟೈಲರಮ್ಮ ಗಂಡನ ಜೊತೆ ಜಗಳವಾಡಿ ಬಂದರೆ "ಉರಿ." ಮಗ ಫೋನು ಮಾಡದೆ ಎರಡು ವಾರವಾದರೆ ಕಿಟಕಿಯ ಬಳಿ ನಿಂತು "ಇನ್ನೂ?" ಹಳೆಯ ಮುನಿಸೊಂದು ಮರೆತುಹೋಗಿದೆ ಎನ್ನಬೇಕಾದರೆ "ಬೆಂತು." ಬೋರ್ಡು ಹೊತ್ತು ಮನೆಗೆ ಬರುತ್ತಿದ್ದ ಮನುಷ್ಯ ಈಗ ಇಬ್ಬರ ಪಾಲಿನದನ್ನೂ ಮಾತಾಡುತ್ತಿದ್ದರು. ಅವಳ ಒಂದು ಮಾತು ಹಿಡಿದು ಹತ್ತು ಮಾತಾಗಿ ಬಿಡಿಸಿ, "ಹೌದಾ?" ಎಂದು ಕೇಳುವರು. ತಪ್ಪಿದರೆ ಅದಲ್ಲ. ಸರಿಯಾದರೆ ಅರ್ಧ ಮುಖದ ನಗು.

ಬಂದುಹೋಗುವ ಮಕ್ಕಳಿಗೆ ಇದು ಗೊತ್ತಾಗಲಿಲ್ಲ. ಹೊರಗಿನವರೆದುರು ಗಾಬರಿಯಾಗಿ ಅವಳ ನಾಲಿಗೆಗೆ ಮೊದಲನೆಯ ಮಾತೊಂದೇ ಬರುತ್ತಿತ್ತು.

*

ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ಜರಡಿಯಿತ್ತು. ಡ್ರೈವರಮ್ಮ ತಟ್ಟೆ ತೆಗೆದಳು. ಮೊನ್ನೆ ಸಂಜೆ ಅವರು ನೆನೆಹಾಕಿ, ನಿನ್ನೆ ಬೆಳಿಗ್ಗೆ ನೀರು ಬಸಿದಿಟ್ಟು ಹೋಗಿದ್ದ ಅಲಸಂದೆ. ಒಂದೊಂದು ಕಾಳಿಗೂ ಬಿಳಿಯ ಮೊಳಕೆ ಬಂದಿತ್ತು.

ಹಿಂದೆಯೇ ಬಂದ ಮಗಳು ಇಣುಕಿದಳು. "ಅಯ್ಯೋ, ಹಾಳಾಗಿದೆಯೇನೋ. ಚೆಲ್ಲಿಬಿಡ್ಲಾ?"

"ಅದಲ್ಲ." ಡ್ರೈವರಮ್ಮ ಕುಕ್ಕರ್ ಎಳೆದು ಮಗಳ ಮುಂದಿಟ್ಟಳು. ಎರಡು ಬೆರಳು ತೋರಿಸಿದಳು. ಮೊಳಕೆ ಬಂದ ಕಾಳಿಗೆ ಎರಡೇ ಸೀಟಿ.

"ಈಗ? ಅಡುಗೆ? ಅಮ್ಮ, ಇವತ್ತು..."

ತಾಯಿಯ ಮುಖ ನೋಡಿ ಮಗಳು ಮಾತು ನಿಲ್ಲಿಸಿ, ಕಾಳು ತೊಳೆದು ಕುಕ್ಕರಿಗೆ ಹಾಕಿದಳು. ಡ್ರೈವರಮ್ಮ ಕುರ್ಚಿ ಎಳೆದು ಕೂತು, ಮೊಳೆಯ ಮಣೆಗೆ ಈರುಳ್ಳಿ ಸಿಕ್ಕಿಸಿ ಎಡಗೈಯಲ್ಲಿ ಹೆಚ್ಚತೊಡಗಿದಳು. ಆ ಮಣೆಯನ್ನು ಮಗಳು ಮೊದಲ ಸಲ ಸರಿಯಾಗಿ ನೋಡಿದಳು.

ಒಂದು ಚಮಚ ಎಣ್ಣೆಗೆ ಜೀರಿಗೆ, ಆಮೇಲೆ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಬಿದ್ದವು. ಬಾಣಲೆಯ ತಳ ಹಿಡಿಯತೊಡಗಿತು. ಮಗಳ ಕೈ ಅಭ್ಯಾಸಬಲದಿಂದ ಎಣ್ಣೆ ಬಾಟಲಿಗೆ ಹೋಯಿತು.

"ಸಾಕು."

ಮಗಳು ಗಕ್ಕನೆ ತಿರುಗಿದಳು. "ಏನಂದೆ?"

"ನೀರು."

"ಕುಡಿಯೋಕಾ?" ಎಂದು ಲೋಟಕ್ಕೆ ಕೈಹಾಕಿದಳು.

"ಅದಲ್ಲ!" ಚಾಕುವಿನ ತುದಿ ಬಾಣಲೆಯ ಕಡೆ ತಿರುಗಿತು. "ನೀರು."

ಮಗಳು ಬಾಣಲೆ ನೋಡಿದಳು. ತಾಯಿಯನ್ನು ನೋಡಿದಳು. ಕೈ ಒದ್ದೆ ಮಾಡಿ ಈರುಳ್ಳಿಯ ಮೇಲೆ ಚಿಮುಕಿಸಿದಳು. ಚುಂಯ್ ಎಂದು ಆವಿ ಎದ್ದು ತಳ ಬಿಟ್ಟಿತು. ಕುರ್ಚಿಯಲ್ಲಿ ಅರ್ಧ ಮುಖ ನಕ್ಕಿತು.

"ಅಮ್ಮಾ," ಎಂದಳು ಮಗಳು, ಸೌಟು ಹಿಡಿದ ಕೈ ಹಾಗೇ ನಿಂತು. "ನೀನು ಎಲ್ಲದಕ್ಕೂ ಸುಮ್ನೆ ಅದಲ್ಲ ಅಂತಿರಲಿಲ್ಲ, ಅಲ್ವಾ? ಅದಲ್ಲ ಅಂದ್ರೆ ಅದಲ್ಲಾಂತಲೇ." ಸೌಟು ಕೆಳಗಿಟ್ಟು, "ಬೆಳಿಗ್ಗೆ ಶರ್ಟಿಗೂ ಅದಲ್ಲ ಅಂದ್ಯಂತೆ..."

ಡ್ರೈವರಮ್ಮ ಬಾಗಿಲ ಹಿಂದಿನ ಮೊಳೆಯನ್ನು ಕಣ್ಣಲ್ಲೇ ತೋರಿಸಿದಳು.

ಮಗಳು ನೀಲಿ ಚೌಕಳಿಯ ಅಂಗಿಯನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಅಷ್ಟರಲ್ಲಿ ವಾಸನೆಗೆ ಎದ್ದುಬಂದ ಮಗ ಹೊಸ್ತಿಲಲ್ಲಿ ನಿಂತಿದ್ದ. ಅವನಿಗೂ ಕೇಳಿಸಿತ್ತು. ಅಂಗಿಯ ಹತ್ತಿರ ಹೋಗಿ, ಜೇಬಿನ ಅರಿಶಿನದ ಕಲೆಯನ್ನು ಕನ್ನಡಕದ ಮೂಲಕ, ಆಮೇಲೆ ಕನ್ನಡಕ ತೆಗೆದು ನೋಡಿದ.

"ನಾನು ನೀರು ತಂದುಕೊಟ್ಟೆ," ಎಂದ. "ಇಷ್ಟು ಕೇಳ್ಕೊಂಡ್ಲು. ನಾನು ನೀರು ತಂದುಕೊಟ್ಟೆ ಅಕ್ಕ." ನಿನ್ನೆಯಿಂದ ಆಸ್ಪತ್ರೆ, ಕಾಗದ, ಗಾಡಿ ಎಂದು ಓಡಾಡಿ ಒಂದು ಹನಿ ಕಣ್ಣೀರು ಹಾಕಿರದವನು ಅಂಗಿಗೆ ಮುಖವಿಟ್ಟು ಚಿಕ್ಕ ಮಗುವಿನಂತೆ ಅತ್ತ.

ಡ್ರೈವರಮ್ಮ ಅವನು ಅಳುವಷ್ಟು ಅಳಲೆಂದು ಬಿಟ್ಟಳು. ಆಮೇಲೆ ಚಾಕು ಕೆಳಗಿಟ್ಟು, ಎಡಗೈಯಲ್ಲಿ ಅವನ ಮುಂಗೈ ಹಿಡಿದೆಳೆದು, "ಬೆಂತು," ಎಂದಳು. "ಬೆಂತು. ಸಾಕು."

"ಏನಂತಾಳೆ?"

ಮಗಳು ತಡವರಿಸಿದಳು. ಗೊತ್ತಿಲ್ಲದ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುವವಳಂತೆ ನಿಧಾನವಾಗಿ, "ಆಗಿದ್ದು ಆಯ್ತು ಬಿಡು ಅಂತಾಳೆ. ಹೌದಾ ಅಮ್ಮ?" ಎಂದಳು.

ತಲೆ ಹೌದೆಂದು ಆಡಿತು.

ಟೊಮೇಟೊ ಕರಗಿತು, ಖಾರದಪುಡಿ, ಧನಿಯಪುಡಿ, ಚಿಟಿಕೆ ಉಪ್ಪು ಬಿದ್ದವು, ಬೆಂದ ಕಾಳು ಸೇರಿತು. ಕಾಲುಭಾಗ ಕಾಳನ್ನು ಮಗಳು ಬಾಣಲೆಯಂಚಿಗೆ ಒತ್ತಿ ಮಸೆದಳು. "ಇನ್ನೂ" ಎಂದಾಗ ಇನ್ನೂ ಮಸೆದಳು. ಸ್ಟಾಪಿನ ಬೆಂಚಿನಿಂದ ಟೈಲರಮ್ಮ ತಂದಿಟ್ಟಿದ್ದ ಡ್ರೈವರ ಚೀಲದಲ್ಲಿ, ಅವರು ನಿನ್ನೆ ಕೊಂಡಿದ್ದ ಕೊತ್ತಂಬರಿ ಸೊಪ್ಪು ಸ್ವಲ್ಪ ಬಾಡಿತ್ತು. ತೊಳೆದು ಹೆಚ್ಚಿ ಹಾಕಿದರು. ಇಳಿಸುವಾಗ ಅರ್ಧ ನಿಂಬೆ ಹಿಂಡಿದರು.

ಕಂಡಕ್ಟರು, ಟೈಲರಮ್ಮ, ಮಕ್ಕಳಿಬ್ಬರು ನೆಲದ ಮೇಲೆ ಕೂತು ಉಂಡರು.

"ಎಣ್ಣೇನೇ ಇಲ್ವಲ್ರೀ ಇದ್ರಲ್ಲಿ," ಎಂದಳು ಟೈಲರಮ್ಮ, ಎರಡನೆಯ ಸಲ ಬಡಿಸಿಕೊಳ್ಳುತ್ತಾ.

"ಅತ್ತಿಗೆ, ಇದು ಅವರ ಕೈರುಚೀನೇ," ಎಂದರು ಕಂಡಕ್ಟರು. ತಕ್ಷಣ ತಿದ್ದಿಕೊಂಡರು. "ಅಲ್ಲ. ಅವರ ಕೈರುಚೀನೇ ನಿಮ್ಮದು."

ಡ್ರೈವರಮ್ಮ ತನ್ನ ಪಾಲಿನದನ್ನು ಪೂರ್ತಿ ಉಂಡು ಮಾತ್ರೆ ನುಂಗಿದಳು. ಮಗ ತಟ್ಟೆ ಬದಿಗಿಟ್ಟು ಅವಳ ಎದುರಿಗೆ ಬಂದು ಕೂತ. ಈ ಸಲ ಕೂಗಲಿಲ್ಲ.

"ಅಮ್ಮ, ಮುಂದೆ ಎಲ್ಲಿರ್ತೀಯ? ನೀನೇ ಹೇಳು. ನಂಗೆ ಅರ್ಥ ಆಗೋವರೆಗೂ ಕೇಳ್ತೀನಿ."

ಅವಳು ಯೋಚಿಸಿದಳು. ಆರರಲ್ಲಿ ಯಾವುದು ಎಂದು ಆರಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಇನ್ನೂ," ಎಂದಳು. ಕೈಯನ್ನು ಒಲೆಯ ಕಡೆ ಚಾಚಿ, "ಬೆಂತು... ಅದಲ್ಲ. ಇನ್ನೂ."

"ಇನ್ನೂ ಬೆಂದಿಲ್ಲ," ಎಂದ ಮಗ, ತಾನೇ. "ಇಷ್ಟು ಬೇಗ ಇಳಿಸ್ಬೇಡಿ ಅಂತಾಳೆ ಅಕ್ಕ. ಇಲ್ಲೇ ಇರ್ತೀನಿ, ನೋಡೋಣ ಅಂತ. ಹಾಗೇನಾ?"

ಅರ್ಧ ಮುಖ ಅಗಲವಾಗಿ ನಕ್ಕಿತು.

"ಒಂದು ತಿಂಗಳು ನಾನು ಇಲ್ಲಿಂದಾನೇ ಶಾಲೆಗೆ ಹೋಗ್ತೀನಿ," ಎಂದಳು ಮಗಳು. "ಭಾನುವಾರ ಅಂಗಡಿ ಮುಚ್ಚಿ ನೀನು ಬಾ. ಆಮೇಲೆ ಮೂರೂ ಜನ ಕೂತು ಮಾತಾಡೋಣ."

"ಹಗಲು ಗೋಡೆ ತಟ್ಟಿದ್ರೆ ನಾನು ಮೆಷಿನ್ ನಿಲ್ಸಿ ಓಡಿ ಬರ್ತೀನಿ," ಎಂದಳು ಟೈಲರಮ್ಮ. "ಎರಡು ಮಾತು ನಂಗೂ ಹೇಳ್ಕೊಡಿ."

ಬಂದವರು ಹೋದರು. ಮಗಳು ಪಾತ್ರೆ ತೊಳೆಯುತ್ತಿದ್ದಳು. ಕಿಟಕಿಯಿಂದ ಇಳಿಬಿಸಿಲು ಅಡುಗೆಮನೆಯ ಸಣ್ಣ ಮೇಜಿನ ಮೇಲೆ ಬಿದ್ದಿತ್ತು. ಡ್ರೈವರಮ್ಮ ಡಬ್ಬಿಯಿಂದ ನಾಳೆಗೆ ನೆನೆಹಾಕಬೇಕಾದ ಒಣಕಾಳನ್ನು ದೊಡ್ಡ ತಟ್ಟೆಗೆ ಸುರಿದು ಮಗನ ಮುಂದೆ ತಳ್ಳಿದಳು. ಅವನು ಅಂಗಿಯ ತೋಳು ಮಡಚಿ, ಅಂಗಡಿಯಲ್ಲಿ ಗಾಜು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಕಲ್ಲು ಹುಡುಕತೊಡಗಿದ. ಒಂದು ಕಡೆಯಿಂದ ಅವನ ಎರಡು ಕೈ, ಇನ್ನೊಂದು ಕಡೆಯಿಂದ ಅವಳ ಎಡಗೈ. ಕಾಳು ಸರಿದಾಗಲೆಲ್ಲ ತಟ್ಟೆ ಅಲ್ಲಾಡಿ ಜಾರುತ್ತಿತ್ತು. ಡ್ರೈವರಮ್ಮ ಆರಿಸುವುದನ್ನು ನಿಲ್ಲಿಸಿ, ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತಟ್ಟೆಯ ಅಂಚಿನ ಮೇಲಿಟ್ಟಳು. ಅದರ ಭಾರಕ್ಕೆ ತಟ್ಟೆ ಅಲುಗದೆ ನಿಂತಿತು.